ತೊಂಬತ್ತೆಂಟೇ ಹೇಳುವ ಬೆಳಕಿನ ಯಂತ್ರಕ್ಕೆ

ಗುಂಡ್ಲುಪೇಟೆ, ೧೯೯೮

ಒಂದು ಹನಿ ರಕ್ತವನ್ನೂ ಬೇಡದೆ ಬೆರಳಿನ ಒಳಮನೆಯ ಸುದ್ದಿ ತಿಳಿಯಬಲ್ಲ ಮಾನ್ಯ ಯಂತ್ರದವರೇ,

ಇಪ್ಪತ್ತೇಳು ವರ್ಷಗಳಿಂದ ಜನರ ಬೆರಳು ಚುಚ್ಚುತ್ತ, ಸಂಬಳದೊಂದಿಗೆ ಅವರ ಶಾಪವನ್ನೂ ಸ್ವೀಕರಿಸುತ್ತ ಬಂದಿರುವ ಲ್ಯಾಬ್ ಟೆಕ್ನಿಷಿಯನ್ ಒಬ್ಬನ ನಮಸ್ಕಾರಗಳು.

ಕಳೆದ ಭಾನುವಾರ ಚಾಮರಾಜನಗರದ ಛತ್ರವೊಂದರಲ್ಲಿ ನಡೆದ ಗರ್ಭಿಣಿಯರ ತಪಾಸಣಾ ಶಿಬಿರಕ್ಕೆ ನನ್ನನ್ನು ಕರೆಸಿದ್ದರು; ತಾವೂ ದಯಮಾಡಿಸಿದ್ದಿರಿ. ತಾವು ಚಿಮಟದಂತೆ ಬೆರಳನ್ನು ಕಚ್ಚಿ ಹಿಡಿದೊಡನೆ ಕೆಂಪು ಬೆಳಕು ಹೊತ್ತಿ, ೯೮ ಎಂಬ ಅಂಕಿ ಮೂಡುತ್ತಿತ್ತು. ಸ್ವಯಂಸೇವಕ ದಿಲೀಪ್ ಅದನ್ನು ಮೈಯಲ್ಲಿರುವ ರಕ್ತದ ಪ್ರಮಾಣವೆಂದೇ ತಿಳಿದು, ಪರೀಕ್ಷೆಯ ಅಂಕದಂತೆ ಚೀಟಿಯಲ್ಲಿ ಬರೆದು, ಎಲ್ಲರನ್ನೂ ಅಭಿನಂದಿಸಿದರು. ತಾವು ತಿದ್ದಲಿಲ್ಲ. ನಾನೂ ಹತ್ತು ನಿಮಿಷ ತಡಮಾಡಿದೆನೆಂದು ಒಪ್ಪಿಕೊಳ್ಳುತ್ತೇನೆ.

ಅಷ್ಟರಲ್ಲಿ ಉಮ್ಮತ್ತೂರಿನ ಮರಿತಾಯಮ್ಮನವರು ಏಳು ತಿಂಗಳ ಗರ್ಭಿಣಿಯಾದ ಸೊಸೆ ಭಾನುವನ್ನು ಕರೆದುಕೊಂಡು ಬಸ್ಸಿಗೆ ಹೊರಟಿದ್ದರು. ಸೊಸೆಯ ಕಣ್ಣುರೆಪ್ಪೆಯ ಒಳಭಾಗ ಸುಣ್ಣದಂತೆ ಬಿಳಿಚಿತ್ತು. ಎರಡು ಮೆಟ್ಟಿಲಿಗೇ ಏದುಸಿರು. ಹೀಗೆಯೇ ಹೆರಿಗೆಯಾದರೆ ಪ್ರಾಣಕ್ಕೇ ಅಪಾಯವೆಂದು ಸೂಜಿ ಹಿಡಿದು ಅಡ್ಡ ನಿಂತೆ. "ತೊಂಬತ್ತೆಂಟು ಬಂದದೆ ಕಣಪ್ಪ, ನೀನೊಳ್ಳೆ ಸೊಳ್ಳೆ ಇದ್ದಂಗಿದ್ದೀಯ! ಓಗು, ಫೇಲಾದೋರ್ಗೆ ಚುಚ್ಚು" ಎಂದರು ಅತ್ತೆ.

ತಮ್ಮ ಸತ್ಯಸಂಧತೆಯನ್ನು ನಾನು ಶಂಕಿಸುವುದಿಲ್ಲ. ಇರುವ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ಆಮ್ಲಜನಕ ಹೊತ್ತಿದೆ ಎಂಬುದನ್ನಷ್ಟೇ ತಾವು ಅಳೆಯುತ್ತೀರಿ. ಉಮ್ಮತ್ತೂರಿನ ಬಸ್ಸಿನಲ್ಲಿ ಸೀಟೆಲ್ಲ ಭರ್ತಿ ಎನ್ನುತ್ತೀರಿ, ನಿಜ. ದಿನಕ್ಕೆ ಎಷ್ಟು ಬಸ್ಸು ಎಂಬುದು ತಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಕಡೆಗೆ ತಮ್ಮನ್ನು ಅತ್ತೆಯ ಬೆರಳಿಗೂ ತೊಡಿಸಿದೆ. ಅಲ್ಲಿಯೂ ತೊಂಬತ್ತೆಂಟು! ಅತ್ತೆ ಸೊಸೆ ಸರಿಸಮಾನರೆಂಬ ತೀರ್ಪು ಮರಿತಾಯಮ್ಮನವರಿಗೆ ರುಚಿಸಲಿಲ್ಲ. ಮರುಪರೀಕ್ಷೆಗೆಂದು ನನ್ನ ಸೂಜಿಯ ಮುಂದೆ ಸ್ವತಃ ಬೆರಳು ಚಾಚಿದರು, ಸೊಸೆಯದನ್ನೂ ಎಳೆದು ಕೊಟ್ಟರು. ಹಿಮೋಗ್ಲೋಬಿನ್ ಅತ್ತೆಗೆ ಹನ್ನೆರಡು ಗ್ರಾಂ, ಸೊಸೆಗೆ ಆರು. ಗೆದ್ದವರ ಮುಖವೇ ಇಳಿಯಿತು. "ಅಯ್ಯೋ ಕೂಸೇ, ಇಷ್ಟೇ ರಕ್ತ ಇಟ್ಕಂಡು ನೀರು ಹೊರ್ತಾ ಇದ್ದಲ್ಲಮ್ಮಿ!" ಎಂದವರೇ ಸೊಸೆಯ ಚೀಲವನ್ನು ಕಂಕುಳಿಗೇರಿಸಿ ಆಸ್ಪತ್ರೆಯ ದಾರಿ ಹಿಡಿದರು.

ಆದಕಾರಣ ವಿನಂತಿ: ತಾವು ಆಡದ ಮಾತನ್ನು ಯಾರಾದರೂ ತಮ್ಮ ಹೆಸರಿನಲ್ಲಿ ಆಡಿದರೆ ದಯವಿಟ್ಟು ಒಮ್ಮೆ ಕೆಮ್ಮಬೇಕು, ಅದು ಆಗದಿದ್ದರೆ ನಾಚಿ ಕೆಂಪಾಗಬೇಕು, ಕೆಂಪು ಹೇಗೂ ತಮ್ಮಲ್ಲಿದೆ. ಚುಚ್ಚದೆಯೇ ಗ್ರಾಂ ಲೆಕ್ಕ ಹೇಳುವ ವಿದ್ಯೆ ತಮ್ಮ ವಂಶದಲ್ಲಿ ಯಾರಿಗಾದರೂ ಒಲಿದ ದಿನ, ನನ್ನ ಸೂಜಿಗಳನ್ನೆಲ್ಲ ಸಂತೋಷದಿಂದ ಅವರ ಪಾದಕ್ಕೆ ಒಪ್ಪಿಸುತ್ತೇನೆ.

ತಮ್ಮ ಅರ್ಧ ಸತ್ಯದ ಪೂರ್ಣ ವಿಶ್ವಾಸಿ,
ದೊರೆಸ್ವಾಮಿ

ಮರೆತ ಮಾತು: ಭಾನು ಚೇತರಿಸಿಕೊಳ್ಳುತ್ತಿದ್ದಾರೆ. ಒಗೆದ ಬಟ್ಟೆ ಹಾರದಂತೆ ಹಗ್ಗಕ್ಕೆ ಸಿಕ್ಕಿಸಲು ತಾವು ಸಿಗಬಹುದೇ ಎಂದು ಮರಿತಾಯಮ್ಮನವರು ವಿಚಾರಿಸಿದ್ದಾರೆ. ತಮ್ಮ ಹಿಡಿತದ ಬಗ್ಗೆ ಮಾತ್ರ ಅವರಿಗೆ ಯಾವ ಸಂಶಯವೂ ಇಲ್ಲ.