ಮಾತಿನ ಪಾಳಿ

ತಮಗೆ ಸಿಟ್ಟೇ ಬರುವುದಿಲ್ಲ ಎನ್ನುವ ಮಾಸ್ತರರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರು ಒಂದು ಸಲ ಎಂಟನೆಯ ತರಗತಿಯ ಮಕ್ಕಳನ್ನು ಗುಂಪು ಮಾಡಿ ಕೂಡ್ರಿಸಿ ನೋಡಲಿ. ಮಕ್ಕಳು ಗುಂಪಿನಲ್ಲಿ ಚರ್ಚಿಸಿ ಕಲಿಯಬೇಕು ಎಂದು ನಮಗೆ ತರಬೇತಿಯಲ್ಲಿ ಇಡೀ ದಿನ ಹೇಳಿದರು. ಹೇಳಿದವರು ಒಬ್ಬರೇ, ನಮಗ್ಯಾರಿಗೂ ಬಾಯಿ ಬಿಡಲು ಅವಕಾಶ ಸಿಗಲಿಲ್ಲ. ಮಧ್ಯಾಹ್ನ ಕೊಟ್ಟ ಪಲಾವ್ ಬೇರೆ ತಣ್ಣಗಿತ್ತು. ಆ ಸಿಟ್ಟೂ ಇನ್ನೂ ಇದೆ.

ನಾನು ಮನೋಳಿಯಲ್ಲಿ ವಿಜ್ಞಾನ ಕಲಿಸುತ್ತೇನೆ. ಸವದತ್ತಿಯ ವಿಜ್ಞಾನ ಪ್ರದರ್ಶನಕ್ಕೆ ನಮ್ಮ ಶಾಲೆಯ ಮಾದರಿಯೊಂದು ಹೋಗಬೇಕಿತ್ತು. ಹೊಳೆಯ ನೀರನ್ನು ಉಸುಕು, ಇದ್ದಿಲಿನಲ್ಲಿ ಸೋಸುವ ಮಾದರಿ. ಗುಂಪಿನಲ್ಲಿ ನಾಲ್ವರಿದ್ದರೂ ಮಾತಾಡುವವನು ಮಲ್ಲೇಶಿ ಒಬ್ಬನೇ, ಉಳಿದವರು ಗೋಣು ಹಾಕುವವರು. ಹೆಡ್‌ಮಾಸ್ತರರ ಎದುರು ನೀರು ಸುರಿದರೆ ಕೆಳಗೆ ಮಸಿಯಂಥ ನೀರು ಬಂದು ಅವರ ಬಿಳಿ ಪ್ಯಾಂಟಿಗೆ ಸಿಡಿಯಿತು. "ಶನಿವಾರದೊಳಗ ಸರಿ ಆಗ್ಲಿಲ್ಲಂದ್ರ ಪ್ರದರ್ಶನದ ಮಾತು ಬಿಡ್ರಿ" ಎಂದು ಹೇಳಿ ಹೋದರು.

"ಇದ್ದಿಲು ತೊಳದು ಹಾಕಬೇಕಾಗಿತ್ರಿ ಸರ್" ಎಂದಳು ಗುಂಪಿನ ಗೌರವ್ವ, ಕೇಳಿಸಿಯೂ ಕೇಳಿಸದ ಹಾಗೆ.

"ಮೊದಲ ಯಾಕ ಹೇಳ್ಲಿಲ್ಲ?"

"ಮಲ್ಲೇಶಿ ಮಾತಾಡಾಕ ಹತ್ತಿದ್ದನ್ರಿ."

ನನ್ನ ಪಿತ್ತ ನೆತ್ತಿಗೇರಿತು. "ಕಾಲುವಿ ನೀರು ಪಾಳಿ ಪ್ರಕಾರ ಬಿಡತಾರೋ ಇಲ್ಲೋ? ಎಲ್ಲಾ ನೀರೂ ಒಬ್ಬನ ಹೊಲಕ್ಕ ಹೋದ್ರ ಉಳದವರು ಸುಮ್ಮ ಕುಂದ್ರತಾರೇನು? ಮಾತಿಗೂ ಪಾಳಿ ಹಚ್ಚರಿ" ಎಂದು ಗದರಿದೆ. ಬರೀ ಗದರಿ ಬಿಡುವ ಮಾಸ್ತರ ನಾನಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಹೇಗೆ ಕೇಳಬೇಕು, ಒಪ್ಪದಿದ್ದರೆ ಹೇಗೆ ಹೇಳಬೇಕು, ಇದನ್ನೆಲ್ಲ ದಿನಾಲೂ ಬಿಡಿಸಿ ಹೇಳಿದೆ. ನಾನು ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಥೆಯೂ ನಡುವೆ ಬಂತು. ಅದಕ್ಕೆ ಬೇಕಾದಷ್ಟು ಹೊತ್ತು ಹಿಡಿಯಿತು.

ಶುಕ್ರವಾರ ನೋಡಿದರೆ ಅದೇ ಇದ್ದಿಲು, ಅದೇ ಮಸಿ. ನನಗೆ ತಡೆಯಲಾಗಲಿಲ್ಲ. "ಇಷ್ಟು ದಿನಾ ಏನ್ ಮಾಡಿದ್ರಿ? ಕುಂತು ಮಾತಾಡಾಕ ಏನ್ ಧಾಡಿ ನಿಮಗ?"

ಗೌರವ್ವ ಎದ್ದು ನಿಂತಳು. ಈ ಸಲ ಅವಳ ದನಿ ಕಡೆಯ ಬೆಂಚಿಗೂ ಕೇಳಿಸಿತು. "ನಮ್ಮ ಪಾಳಿ ಬರೂದ್ರಾಗ ದಿನಾ ಗಂಟಿ ಹೊಡೀತೈತ್ರಿ ಸರ್."

ಉಳಿದ ಮೂವರೂ ಗೋಣು ಹಾಕಿದರು. ಅದೊಂದರಲ್ಲಿ ಮಾತ್ರ ಎಂಥ ಒಗ್ಗಟ್ಟು. ಬಕೆಟ್ ತೆಗೆದುಕೊಂಡು ನಾನೇ ಇದ್ದಿಲು ತೊಳೆಯಲು ಕುಳಿತೆ. ಬೆನ್ನ ಹಿಂದೆ ಅವರು ಉಸುಕು ಮೇಲೋ ಇದ್ದಿಲು ಮೇಲೋ ಎಂದು ವಾದಕ್ಕಿಳಿದರು. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಶನಿವಾರ ನೀರು ತಿಳಿಯಾಗಿ ಇಳಿಯಿತು. ಹೆಡ್‌ಮಾಸ್ತರರು ದೂರವೇ ನಿಂತು, "ಭಾಳ ಛಲೋ ಆತು. ಹೆಂಗ ಮಾಡಿದ್ರಿ?" ಎಂದರು. ನಾನು ಗಂಟಲು ಸರಿಮಾಡಿಕೊಂಡೆ.

"ಸರ್, ಈಗ ಗೌರವ್ವನ ಪಾಳಿ ಐತ್ರಿ" ಎಂದ ಮಲ್ಲೇಶಿ.

ಅವಳು ಸವಿಸ್ತಾರವಾಗಿ ಹೇಳಿದಳು. ನಾನು ಪಕ್ಕದಲ್ಲಿ ನಿಂತು ಗೋಣು ಹಾಕಿದೆ. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಚರ್ಚಾಸ್ಪರ್ಧೆಯ ಕಥೆ ಮಕ್ಕಳಿಗೆ ಅರ್ಧವಷ್ಟೇ ಹೇಳಿದ್ದೆ.