ಅಕ್ಕಿ ಡಬ್ಬದಿಂದ ಜಲಪಾತಕ್ಕೆ

"ನಮ್ಮ ಭಾವ ಏಪ್ರಿಲ್ ತಿಂಗಳಲ್ಲಿ ಜಲಪಾತ ನೋಡಕ್ಕೆ ಹೋಗಿ, ಒಣ ಬಂಡೆ ಮುಂದೆ ಫೋಟೋ ತೆಗೆಸ್ಕೊಂಡು ಬಂದ್ರು." ಬಾಮೈದ ಗೌರೀಶ ನಾಮಕರಣದ ಊಟದ ಪಂಕ್ತಿಯಲ್ಲಿ ಆಡಿದ ಈ ಮಾತನ್ನು ಚಾಮರಾಜಪೇಟೆಯ ರಾಮಾಂಜಿನಪ್ಪನವರು ಇವತ್ತಿಗೂ ಕ್ಷಮಿಸಿಲ್ಲ. ಪಾಯಸ ಬಡಿಸುತ್ತಿದ್ದವನೂ ನಕ್ಕಿದ್ದ. ತರಗುಪೇಟೆಯ ಬೇಳೆ ಮಂಡಿಯಲ್ಲಿ ಕೂತು, ಒಂದೇ ಕೂಗಿಗೆ ಲಾರಿ ನಿಲ್ಲಿಸುವ ಮನುಷ್ಯನಿಗೆ ಇದೆಂಥ ಅವಮಾನ!

"ಈ ಸಲ ಜಡಿಮಳೇಲೇ ಹೋಗೋಣ. ನೀನೂ ಬಾರಯ್ಯ, ಕಣ್ತುಂಬ ನೋಡುವಂತೆ," ಎಂದು ಗೌರೀಶನನ್ನೇ ಸಾಕ್ಷಿಯಾಗಿ ಹೊರಡಿಸಿದರು.

ತುಂಬಿ ಹರಿಯುವ ಗಂಗಮ್ಮನ ಹತ್ತಿರ ಬರಿಗೈಯಲ್ಲಿ ಹೋಗಬಾರದೆಂದು ಹೆಂಡತಿ ತಿಮ್ಮಕ್ಕ ಬಾಗಿನ ಸಿದ್ಧ ಮಾಡಿದರು. ಮೊರದ ತುಂಬ ಅಕ್ಕಿ, ಬೇಳೆ, ಬೆಲ್ಲ, ಬಳೆ. ಮೇಲೊಂದು ಮೊರ ಮುಚ್ಚಿ ದಾರದ ಬಿಗಿ.

ಘಟ್ಟದಲ್ಲಿ, ಮೋಡವೇ ಕಾಲು ಜಾರಿ ಬಿದ್ದ ಹಾಗೆ ನೀರು ಧುಮುಕುತ್ತಿತ್ತು. ಗೌರೀಶ ಬಾಯಿ ಬಿಟ್ಟುಕೊಂಡು ನೋಡಿದ. "ಒಪ್ಕೊಂಡೆ ಭಾವ," ಎಂದ. ಎದೆಯುಬ್ಬಿಸಿದ ರಾಮಾಂಜಿನಪ್ಪನವರು ಜಲಪಾತದ ಮೇಲ್ಗಡೆಯ ಸೇತುವೆಗೆ ನಡೆದು, ಹೆಂಡತಿಯ ಕೈಯಿಂದ ಬಾಗಿನ ಕಿತ್ತುಕೊಂಡು ತಾವೇ ಹೊಳೆಗೆ ಬಿಟ್ಟರು. ಅದು ಎರಡು ಸುತ್ತು ಸುತ್ತಿ ಅಂಚಿನಾಚೆ ಮಾಯವಾಯಿತು.

"ಡಬ್ಬದ ತಳದಲ್ಲಿದ್ದ ಅಕ್ಕೀನೆಲ್ಲ ಹಾಕ್ಬಿಟ್ಟೆ ಕಣ್ರೀ," ಎಂದರು ತಿಮ್ಮಕ್ಕ.

"ಯಾವ ಡಬ್ಬ?"

"ದೊಡ್ಡ ಸ್ಟೀಲ್ ಡಬ್ಬ. ಅಕ್ಕಿ ಇನ್ನೆಲ್ಲಿರುತ್ತೆ, ಬೀರೂನಲ್ಲಾ?"

ರಾಮಾಂಜಿನಪ್ಪನವರು ಸೇತುವೆಯ ಕಂಬಿಗೆ ಜೋತುಬಿದ್ದು ಅಂಚಿನತ್ತ ಬಗ್ಗಿ ನೋಡಿದರು. ಬೀಗ ಹಾಕಿದ ಮನೆಯಲ್ಲಿ ಕಳ್ಳರು ಮೊದಲು ಬೀರು ಒಡೆಯುತ್ತಾರೆಂದು, ತಿಮ್ಮಕ್ಕನ ಕಾಸಿನ ಸರವನ್ನು ಅದೇ ಅಕ್ಕಿಯ ತಳದಲ್ಲಿ ಹೂತಿಟ್ಟವರು ಅವರೇ. ಗುಟ್ಟು ಗುಟ್ಟಾಗಿರಲೆಂದು ಹೆಂಡತಿಗೂ ಹೇಳಿರಲಿಲ್ಲ. ಅತ್ತೆ ಅಂಜಮ್ಮ ಮದುವೆಯಲ್ಲಿ ಮಗಳಿಗೆ ಹಾಕಿದ್ದ ಸರ ಅದು. ಅದೇ ಅಂಜಮ್ಮನ ಮಗ ಪಕ್ಕದಲ್ಲಿ ನಿಂತು ವಿಡಿಯೋ ತೆಗೆಯುತ್ತಿದ್ದ!

"ಏಯ್, ನಿಲ್ಲು!" ಎಂದು ಹೊಳೆಗೇ ಗದರಿದರು. ಲಾರಿಗಾದರೆ ಬ್ರೇಕ್ ಇರುತ್ತದೆ. ಕೊನೆಗೆ ಎರಡೂ ಕೈ ಮೇಲೆತ್ತಿ, "ತಿಮ್ಮಪ್ಪಾ, ಆ ಸರ ಒಂದು ಸಿಗೋ ಹಾಗೆ ಮಾಡಪ್ಪ. ಬೆಟ್ಟಕ್ಕೆ ಬಂದು ಮುಡಿ ಕೊಡ್ತೀನಿ," ಎಂದರು.

"ಯಾವ ಸರ ಭಾವ?"

ತೊದಲುತ್ತ ಎಲ್ಲವನ್ನೂ ಒಪ್ಪಿಕೊಳ್ಳಬೇಕಾಯಿತು. ತಿಮ್ಮಕ್ಕ ನಿಧಾನವಾಗಿ ಸ್ವೆಟರಿನ ಗುಂಡಿ ಬಿಚ್ಚಿದರು. ಒಳಗೆ ಕಾಸಿನ ಸರ ಫಳಫಳ ಹೊಳೆಯಿತು.

"ಅಕ್ಕಿ ಸುರಿಯೋವಾಗ ಠಣ್ ಅಂತು. ನೀವು ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಬೇರೆ ದಿನವಾಗಿದ್ದರೆ ಕಾಡಿನ ಹಕ್ಕಿಗಳೆಲ್ಲ ಹಾರಿಹೋಗುವಂಥ ಬೈಗುಳ ಹೊರಡುತ್ತಿತ್ತು. ಅಂದು ಸಿಟ್ಟು ಎಷ್ಟು ಹುಡುಕಿದರೂ ಸಿಗಲಿಲ್ಲ. ಒದ್ದೆ ಸೇತುವೆಯ ಮೇಲೇ ಕುಸಿದು ಕೂತು, ಮಳೆಯಲ್ಲಿ ನೆನೆಯುತ್ತ ಗಹಗಹಿಸಿ ನಕ್ಕರು. ಗೌರೀಶನಿಗೆ ತಾವೇ ಜೋಳದ ತೆನೆ ಸುಡಿಸಿ ಕೊಟ್ಟರು.

ಅವನು ತೆನೆಯನ್ನೂ ತಿಂದ, ವಿಡಿಯೋವನ್ನೂ ಉಳಿಸಿಕೊಂಡ. ಸಿಕ್ಕಾಗಲೆಲ್ಲ, "ಬೆಟ್ಟಕ್ಕೆ ಯಾವಾಗ ಭಾವ?" ಎನ್ನುತ್ತಾನೆ.

"ಕಳೆದೇ ಇಲ್ದಿರೋ ಸರಕ್ಕೆ ಅದೆಂಥ ಹರಕೆಯೋ?" ಎಂದು ರಾಮಾಂಜಿನಪ್ಪನವರ ವಾದ. ಹಾಗಂತ ಹರಕೆ ತಪ್ಪಿಸುವ ಧೈರ್ಯವೂ ಇಲ್ಲ. ಹಬ್ಬ ಮುಗಿಯಲಿ, ಮಳೆ ನಿಲ್ಲಲಿ ಎನ್ನುತ್ತ ಮುಂದೂಡುತ್ತಲೇ ಇದ್ದಾರೆ. ಅಷ್ಟರಲ್ಲಿ ಬಾಚಣಿಗೆ ದಿನಕ್ಕೊಂದು ಕಂತು ವಸೂಲಿ ಮಾಡುತ್ತಿದೆ.

ಮೊನ್ನೆ ಕಾಫಿ ಲೋಟ ಕೈಗಿಡುತ್ತ ತಿಮ್ಮಕ್ಕ ಗಂಡನ ನೆತ್ತಿಯನ್ನೇ ನೋಡಿದರು.

"ಬೇಗ ಹೋಗ್ಬನ್ನಿ ರೀ. ದೇವರಿಗೂ ನಾಲ್ಕು ಕೂದಲು ಉಳಿದಿರ್ಲಿ."