ಲೈಬ್ರರಿಯಲ್ಲಿ ಕಳೆದ ಆರು ವಾರ

ಕುಡಿಯುವ ಚಟವಿರುವವರು ಪುಣ್ಯವಂತರು. ಅವರು ಪಬ್ಬಿಗೆ ಹೋಗಿದ್ದೆ ಎಂದರೆ ಮನೆಯಲ್ಲಿ ಒಂದು ದಿನ ಜಗಳವಾಗುತ್ತದೆ, ಮಾರನೆಯ ದಿನ ಎಲ್ಲರೂ ಮರೆಯುತ್ತಾರೆ. ನನ್ನಂಥವನ ಪಾಡು ಹಾಗಲ್ಲ. ಒಂದು ತೊಟ್ಟೂ ಕುಡಿಯದವನು ಆರು ವಾರ ದಿನಾ ಸಂಜೆ ಪಬ್ಬಿಗೆ ಹೋಗಿ, ಕುಡಿಯದೆಯೇ ವಾಪಸು ಬಂದೆ ಎಂದರೆ ನಂಬುವವರು ಯಾರು? ಬೇರೆ ಯಾರಾದರೂ ಈ ಮಾತು ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ಆದ್ದರಿಂದ ಸುಳ್ಳು ಹೇಳಿದೆ. ತಪ್ಪು ಮಾಡಿ, ಅದನ್ನು ಮುಚ್ಚಿಡಲು ಸುಳ್ಳು ಹೇಳುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ತಪ್ಪನ್ನೇ ಮಾಡದೆ ಸುಳ್ಳು ಹೇಳಿ ಸಿಕ್ಕಿಬಿದ್ದ ಶತದಡ್ಡ ಬಹುಶಃ ನಾನೊಬ್ಬನೇ.

ಇದಕ್ಕೆ ಮೂಲ ಕಾರಣ ನನ್ನ ಒಳ್ಳೆಯ ಹೆಸರು. ನೈರೋಬಿಯಲ್ಲಿರುವ ನಾವು ಹತ್ತಿಪ್ಪತ್ತು ಕನ್ನಡದ ಮನೆಯವರು ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಹೆಂಗಸರು ಒಳಗೆ ಬಿಸಿಬೇಳೆಬಾತಿಗೆ ತುಪ್ಪ ಸಾಕೋ ಬೇಕೋ ಎಂದು ಚರ್ಚಿಸುತ್ತಿದ್ದರೆ ಗಂಡಸರು ಹೊರಗೆ ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಬಿಯರ್ ಬಾಟಲಿ ತೆರೆಯುತ್ತಾರೆ. ಅವರ ನಡುವೆ ಶುಂಠಿ ಸೋಡಾ ಹಿಡಿದು ಕೂರುವವನು ನಾನೊಬ್ಬನೇ. ಸುಮ್ಮನೆ ಕೂತರೆ ಆಗುತ್ತಿತ್ತು, ನನಗೆ ಬಾಯಿಚಪಲ. ಯಕೃತ್ತಿನ ಬಗ್ಗೆ, ಸಂಸ್ಕಾರದ ಬಗ್ಗೆ, ಹತ್ತು ಹದಿನೈದು ನಿಮಿಷ ಕೊರೆಯುತ್ತಿದ್ದೆ. ಔಷಧಿ ಕಾರ್ಖಾನೆಯಲ್ಲಿ ಮಷೀನು ನೋಡಿಕೊಳ್ಳುವ ಎಂಜಿನಿಯರ್ ನಾನು. ಆದರೆ ಮಾತು ಕೇಳಿದವರು ಡಾಕ್ಟರೆಂದು ತಿಳಿಯುತ್ತಿದ್ದರು. ನನ್ನ ಹೆಂಡತಿ ಸುಮಿತ್ರ ಒಳಗಿನಿಂದಲೇ ಇದನ್ನು ಕೇಳಿಸಿಕೊಂಡು, ನಮ್ಮವರು ಅದರ ವಾಸನೆಯನ್ನೂ ನೋಡಿದವರಲ್ಲ ಎಂದು ಉಳಿದ ಹೆಂಗಸರಿಗೆ ಹೇಳುತ್ತಿದ್ದಳು. ನನ್ನ ವಿಷಯದಲ್ಲಿ ಅವಳು ಹೆಮ್ಮೆಪಡುತ್ತಿದ್ದದ್ದು ಇದೊಂದಕ್ಕೇ. ಇರುವ ಒಂದೇ ಹೆಮ್ಮೆಯನ್ನು ಕಳೆದುಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ.

ಹೀಗಿರುವಾಗ, ಎರಡು ಸಾವಿರದ ನಾಲ್ಕೋ ಐದೋ ಇಸವಿಯ ನವೆಂಬರಿನಲ್ಲಿ, ಕಾರ್ಖಾನೆಯವರು ನನ್ನನ್ನು ಆರು ವಾರ ಇಂಗ್ಲೆಂಡಿಗೆ ಕಳಿಸಿದರು. ಮಾತ್ರೆಗಳನ್ನು ಪಟ್ಟಿಯಲ್ಲಿ ಕೂರಿಸಿ ಮುಚ್ಚುವ ಹೊಸ ಮಷೀನೊಂದನ್ನು ಕೊಳ್ಳುವುದೆಂದಾಗಿತ್ತು, ಅದರ ಕೈಕಾಲು ಎಲ್ಲಿದೆಯೆಂದು ಕಲಿತು ಬರುವ ಕೆಲಸ ನನ್ನದು. ಮಷೀನಿನವರು ಇದ್ದದ್ದು ಲಂಡನ್ನಿನಲ್ಲಲ್ಲ, ಮೇಲೆ ಉತ್ತರದಲ್ಲಿ, ಯಾರ್ಕ್‌ಶೈರಿನ ಒಂದು ಸಣ್ಣ ಊರಿನಲ್ಲಿ. ಕಪ್ಪು ಕಲ್ಲಿನ ಮನೆಗಳು, ಏರು ರಸ್ತೆ, ಒಂದು ಚರ್ಚು, ಏಳು ಪಬ್ಬು. ಮಧ್ಯಾಹ್ನ ನಾಲ್ಕಕ್ಕೆ ಕತ್ತಲೆ. ನನ್ನ ಲಾಡ್ಜಿನಲ್ಲಿ ಬೆಳಗಿನ ತಿಂಡಿ ಮಾತ್ರ ಕೊಡುತ್ತಿದ್ದರು. ಸಂಜೆಯ ಹೊತ್ತಿಗೆ ಆ ಊರಿನಲ್ಲಿ ಬೆಚ್ಚಗಿರುವ, ಬೆಳಕಿರುವ, ತಿನ್ನಲು ಏನಾದರೂ ಸಿಗುವ ಜಾಗ ಯಾವುದೆಂದು ನೀವೇ ಊಹಿಸಿ.

ಮೊದಲ ದಿನ ಎರಡು ಸಲ ಆ ಬಾಗಿಲಿನ ಮುಂದೆ ಓಡಾಡಿ, ಮೂರನೆಯ ಸಲ ಚಳಿ ತಡೆಯಲಾರದೆ ಒಳಗೆ ನುಗ್ಗಿದೆ. ಬೆಂಗಳೂರಿನ ಪಬ್ಬುಗಳ ಬಗ್ಗೆ ಪೇಪರಿನಲ್ಲಿ ಓದಿ ಏನೇನೋ ಕಲ್ಪಿಸಿಕೊಂಡಿದ್ದೆ. ಇಲ್ಲಿ ನೋಡಿದರೆ ಕಲ್ಲಿದ್ದಲಿನ ಬೆಂಕಿಯ ಮುಂದೆ ಒಂದು ಮುದಿ ನಾಯಿ ಮಲಗಿದೆ, ಮೂಲೆಯಲ್ಲಿ ನಾಲ್ವರು ತಾತಂದಿರು ಡಾಮಿನೋ ಕಾಯಿಗಳನ್ನು ಜೋಡಿಸುತ್ತಿದ್ದಾರೆ, ಒಬ್ಬಳು ಅಜ್ಜಿ ಸ್ವೆಟರ್ ಹೆಣೆಯುತ್ತಿದ್ದಾಳೆ. ನಮ್ಮ ಕಡೆಯ ದೇವಸ್ಥಾನದ ಜಗಲಿಯಲ್ಲೂ ಇದಕ್ಕಿಂತ ಹೆಚ್ಚು ಗಲಾಟೆ ಇರುತ್ತದೆ. ಧೈರ್ಯ ಬಂತು. ಒಂದು ಮೇಜಿನ ಮುಂದೆ ಕೂತು, ಮೈಸೂರಿನ ಹೋಟೆಲಿನಲ್ಲಿ ಕೂರುವ ಹಾಗೆ, ಸಪ್ಲೈಯರ್ ಬರಲೆಂದು ಕಾದೆ.

ಕಾದೆ, ಕಾದೆ, ಮುಕ್ಕಾಲು ಗಂಟೆ ಕಾದೆ. ಒಂದು ನರಪಿಳ್ಳೆ ನನ್ನ ಹತ್ತಿರ ಸುಳಿಯಲಿಲ್ಲ. ನನ್ನ ನಂತರ ಬಂದವರೆಲ್ಲ ಕುಡಿದು ಎದ್ದು ಹೋಗುತ್ತಿದ್ದಾರೆ. ಓಹೋ, ನನ್ನ ಬಣ್ಣ ನೋಡಿ ಹೀಗೆ ಮಾಡುತ್ತಿದ್ದಾರೆ ಎಂದು ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತು ನಾಲ್ಕು ಮಾತು ಆಡಿಯೇ ಹೊರಡಬೇಕೆಂದು ಮನಸ್ಸಿನಲ್ಲೇ ಇಂಗ್ಲಿಷ್ ಭಾಷಣ ಸಿದ್ಧ ಮಾಡಿಕೊಂಡೆ. ಅಷ್ಟರಲ್ಲಿ ಪಬ್ಬಿನ ಒಡತಿ, ಮೌರೀನ್ ಎಂಬ ಅರವತ್ತರ ಹೆಂಗಸು, ಬಂದು ಯಾರಿಗಾದರೂ ಕಾಯುತ್ತಿದ್ದೀರಾ ಎಂದು ಅಕ್ಕರೆಯಿಂದ ಕೇಳಿದಳು. ನಿಮಗೇ ಕಾಯುತ್ತಿದ್ದೆ ಎಂದೆ. ಇಡೀ ಪಬ್ಬು ಗೊಳ್ಳೆಂದು ನಕ್ಕಿತು. ಆ ಮೇಲೆ ತಿಳಿಯಿತು, ಪಬ್ಬಿನಲ್ಲಿ ಮೇಜಿಗೆ ಯಾರೂ ಬರುವುದಿಲ್ಲ. ಬೇಕಾದವನು ಕೌಂಟರಿಗೆ ಹೋಗಿ ಕೇಳಿ, ಥ್ಯಾಂಕ್ಸ್ ಹೇಳಿ, ತಾನೇ ಹೊತ್ತು ತರಬೇಕು. ಆ ಮುಕ್ಕಾಲು ಗಂಟೆ ಅವರು, ಪಾಪ, ಯಾರೋ ಪರದೇಶಿ ಒಬ್ಬನೇ ಕೂತು ಯೋಚಿಸುತ್ತಿದ್ದಾನೆ, ತೊಂದರೆ ಕೊಡುವುದು ಬೇಡ ಎಂದುಕೊಂಡು ಸುಮ್ಮನಿದ್ದರಂತೆ. ಭಾಷಣವನ್ನು ನುಂಗಿಕೊಂಡೆ. ಒಂದು ಪುಟ್ಟ ಬಾಟಲಿ ಕಿತ್ತಳೆ ರಸ, ಒಂದು ತಟ್ಟೆ ಆಲೂಗಡ್ಡೆ ಚಿಪ್ಸು, ಬೇಯಿಸಿ ಕಿವುಚಿದ ಹಸಿರು ಬಟಾಣಿ ಕೊಂಡೆ. ಬಟಾಣಿ ಒಗ್ಗರಣೆ ಮರೆತ ತೊವ್ವೆಯ ಹಾಗಿತ್ತು. ಜೇಬಿನಲ್ಲಿದ್ದ ಸುಮಿತ್ರಳ ಚಟ್ನಿಪುಡಿ ಉದುರಿಸಿಕೊಂಡ ಮೇಲೆ ಹೊಟ್ಟೆಗೆ ಇಳಿಯಿತು.

ಅಂದು ಎಲ್ಲರಿಗಿಂತ ಜೋರಾಗಿ ನಕ್ಕವನು ಕೀತ್. ಮಷೀನಿನ ಕಂಪನಿಯಲ್ಲಿ ನನಗೆ ಕೆಲಸ ಕಲಿಸಬೇಕಾಗಿದ್ದ ಮೆಕ್ಯಾನಿಕ್ ಅವನೇ ಎಂದು ಮಾರನೆಯ ಬೆಳಗ್ಗೆ ಗೊತ್ತಾಯಿತು. ಅಲ್ಲಿಂದ ಮುಂದೆ ಅವನು ನನ್ನ ಕೈಬಿಡಲಿಲ್ಲ. ಭಾನುವಾರಗಳಲ್ಲಿ ತನ್ನ ಹಳೆಯ ಕಾರಿನಲ್ಲಿ ಕೂರಿಸಿಕೊಂಡು ಸುತ್ತಲಿನ ಹಳ್ಳಿಗಳ ಪಬ್ಬುಗಳನ್ನೆಲ್ಲ ತೋರಿಸಿದ. ಒಂದು ಪಬ್ಬು ನಮ್ಮ ಮನೆಯ ಉಗ್ರಾಣದಷ್ಟೇ ಇತ್ತು, ಆರು ಜನ ಕೂತರೆ ಏಳನೆಯವನು ಬಾಗಿಲಲ್ಲಿ ನಿಲ್ಲಬೇಕು. ಇನ್ನೊಂದು ಗುಡ್ಡದ ತುದಿಯಲ್ಲಿ ಕುರಿಗಳ ಮಧ್ಯೆ ಒಂಟಿಯಾಗಿತ್ತು. ಅಲ್ಲಿ ಒಂದು ಕುರ್ಚಿಯಲ್ಲಿ ಯಾರೂ ಕೂರುತ್ತಿರಲಿಲ್ಲ, ಅದರಲ್ಲಿ ಕೂರುತ್ತಿದ್ದ ಮುದುಕ ತೀರಿಕೊಂಡು ಎರಡು ವರ್ಷವಾಗಿತ್ತಂತೆ. ಎಲ್ಲಿ ಹೋದರೂ ಒಬ್ಬೊಬ್ಬರು ಸರದಿಯ ಮೇಲೆ ಇಡೀ ಗುಂಪಿಗೆ ಕುಡಿಯಲು ತರುವುದು ಅವರ ಪದ್ಧತಿ, ಬೇಡವೆಂದರೆ ಬೇಸರ ಮಾಡಿಕೊಳ್ಳುತ್ತಾರೆ. ಐವರ ಗುಂಪಾದರೆ ಐದು ಬಾಟಲಿ ಕಿತ್ತಳೆ ರಸ. ಬಿಯರ್ ಕುಡಿದವರು ನೆಟ್ಟಗೆ ನಡೆದು ಮನೆಗೆ ಹೋಗುತ್ತಿದ್ದರು, ನಾನು ಹುಳಿತೇಗು ಹಿಡಿದು ಓಲಾಡುತ್ತಿದ್ದೆ.

ಅವರ ಇನ್ನೊಂದು ಪದ್ಧತಿ ನನಗೆ ಬಹಳ ಹಿಡಿಸಿತು. ಕುಡಿದು ಮುಗಿಸಿದವನು ಖಾಲಿ ಗ್ಲಾಸನ್ನು ಮೇಜಿನ ಮೇಲೆ ಬಿಟ್ಟು ಹೋಗುವುದಿಲ್ಲ, ಎದ್ದಾಗ ಕೌಂಟರಿಗೆ ಒಯ್ದು ಇಡುತ್ತಾನೆ. ಕೇಳುವವರು ಯಾರೂ ಇಲ್ಲ, ಒಂದು ಮರ್ಯಾದೆ ಅಷ್ಟೆ. ಬಿಯರ್ ಕುಡಿಯುವವರಿಗೆ ಕೈಗೆ ಕೆಲಸವಿರುತ್ತದೆ, ನನಗೆ ಇರಲಿಲ್ಲ. ಮೊದಲು ನನ್ನ ಗ್ಲಾಸು ಒಯ್ದೆ, ಆಮೇಲೆ ನಮ್ಮ ಗುಂಪಿನದು, ಆಮೇಲೆ ತಾತಂದಿರದು. ಮೂರನೆಯ ವಾರಕ್ಕೆ ಒಂದೇ ಕೈಯಲ್ಲಿ ನಾಲ್ಕು ಗ್ಲಾಸು ಹಿಡಿಯುವುದು ಬಂತು. ಮೌರೀನ್ ಒಂದು ಒರೆಸುವ ಬಟ್ಟೆ ಕೊಟ್ಟಳು. ಅದನ್ನು ಹೆಗಲ ಮೇಲೆ ಹಾಕಿಕೊಂಡು ಮೇಜು ಒರೆಸತೊಡಗಿದೆ. ನಿನ್ನಂಥ ಗಂಡಸನ್ನು ನಾನು ಕಂಡೇ ಇಲ್ಲ ಎಂದು ಎಲ್ಲರ ಮುಂದೆ ಅವಳು ಹೊಗಳಿದ ದಿನ ನಾನು ಕೆಲಸ ಕಲಿತು ಸರ್ಟಿಫಿಕೇಟು ಪಡೆದ ದಿನಕ್ಕಿಂತ ಹೆಚ್ಚು ಹಿಗ್ಗಿದೆ.

ಈ ಹಿಗ್ಗನ್ನು ಹೆಂಡತಿಗೆ ಹೇಳುವ ಹಾಗಿರಲಿಲ್ಲ. ಫೋನ್ ಕಾರ್ಡು ಉಜ್ಜಿ ನಂಬರು ಒತ್ತಿ ಮಾತಾಡುತ್ತಿದ್ದ ಕಾಲ ಅದು. ಸಂಜೆಯೆಲ್ಲ ಏನು ಮಾಡುತ್ತೀರಿ ಎಂದು ಅವಳು ಕೇಳಿದಾಗ, ಲೈಬ್ರರಿಗೆ ಹೋಗುತ್ತೇನೆ ಎಂದುಬಿಟ್ಟೆ. ಭಾನುವಾರವೂ ತೆರೆದಿರುತ್ತಾ ಎಂದಳು. ಇಂಗ್ಲೆಂಡಿನವರು ಓದುವುದರಲ್ಲಿ ಬಹಳ ಮುಂದೆ ಕಣೇ ಎಂದೆ. ಮುಂದಿನ ತಿಂಗಳ ಕನ್ನಡ ಕೂಟದಲ್ಲಿ ಈ ಸುದ್ದಿಯೂ ಹರಡಿ, ನನ್ನ ಹೆಸರು ಇನ್ನೂ ಒಂದು ಮೆಟ್ಟಿಲು ಮೇಲೇರಿತು.

ಮಷೀನು ಹಡಗಿನಲ್ಲಿ ಮೊಂಬಾಸಕ್ಕೆ ಬಂದು, ಲಾರಿಯಲ್ಲಿ ಎಂಬಕಸಿಯ ನಮ್ಮ ಕಾರ್ಖಾನೆಗೆ ಬರುವಷ್ಟರಲ್ಲಿ ನಾಲ್ಕು ತಿಂಗಳಾಯಿತು. ಅದನ್ನು ಕೂರಿಸಲು ಹಿಂದೆಯೇ ಕೀತ್ ಬಂದ. ನಿಮ್ಮ ಸ್ನೇಹಿತರಲ್ಲವೇ, ಭಾನುವಾರ ಮನೆಗೆ ಕರೆದು ಊಟ ಹಾಕಿ ಎಂದು ಮಾಲೀಕರು ಅಪ್ಪಣೆ ಮಾಡಿದರು. ಅವನು ಬಾಯಿ ಬಿಟ್ಟರೆ ಮೊದಲು ಬರುವ ಮಾತೇ ಪಬ್ಬು. ಮೂರು ದಿನ ನಿದ್ದೆ ಬರಲಿಲ್ಲ. ನಾನು ಕುಡಿದಿಲ್ಲವೆಂಬ ಸತ್ಯಕ್ಕೆ ಸಾಕ್ಷಿ ಹೇಳಬೇಕಾದವನೂ ಅವನೇ, ನನ್ನ ಸುಳ್ಳನ್ನು ಬಯಲು ಮಾಡುವವನೂ ಅವನೇ. ಭಾನುವಾರ ಅವನನ್ನು ಕರೆತರುವಾಗ ಲಂಗಾಟಾ ರಸ್ತೆಯಲ್ಲಿ, ಒಂದು ಮಟಾಟು ವ್ಯಾನು ನಮ್ಮನ್ನು ಒತ್ತರಿಸಿಕೊಂಡು ಹೋದ ಗಾಬರಿಯಲ್ಲೇ, ಮಾತು ತೆಗೆದೆ. ಮನೆಯಲ್ಲಿ ದಯವಿಟ್ಟು ಪಬ್ಬು ಎನ್ನಬೇಡ, ಲೈಬ್ರರಿ ಎನ್ನು ಎಂದೆ. ಅವನು ನನ್ನ ಮುಖವನ್ನೇ ನೋಡಿದ. ಕಾರಣ ಕೇಳಲಿಲ್ಲ. ಆಗಲಿ, ಲೈಬ್ರರಿ ಎಂದ. ಯಾರ್ಕ್‌ಶೈರಿನವರು ಮಾತಿಗೆ ತಪ್ಪುವವರಲ್ಲ. ಅದೇ ತೊಂದರೆಯಾಯಿತು.

ಊಟಕ್ಕೆ ಕೂತೆವು. ಮನೆಗೆಲಸದ ಎಸ್ತರ್‌ಗೆ ಭಾನುವಾರ ರಜ, ಆದ್ದರಿಂದ ಬೆಳಗಿನಿಂದ ಸುಮಿತ್ರ ಒಬ್ಬಳೇ ಹೋಳಿಗೆ, ಕೋಸಂಬರಿ, ಪುಳಿಯೋಗರೆ ಎಂದು ಒದ್ದಾಡಿದ್ದಳು. ಹನ್ನೆರಡು ವರ್ಷದ ಮಗಳು ನಿಧಿ ತನ್ನ ನೈರೋಬಿ ಇಂಗ್ಲಿಷಿನಲ್ಲಿ, ಅಪ್ಪ ನಿಮ್ಮೂರಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿಯೇಬಿಟ್ಟಳು. ಕೀತ್ ಗಂಭೀರವಾಗಿ ಚಮಚ ಕೆಳಗಿಟ್ಟ. ನಿಮ್ಮಪ್ಪ ದಿನಾ ಸಂಜೆ ಲೈಬ್ರರಿಗೆ ಬರುತ್ತಿದ್ದರು, ಬಾಗಿಲು ಹಾಕುವವರೆಗೂ ಇರುತ್ತಿದ್ದರು ಎಂದ. ನಾನು ಉಸಿರು ಬಿಟ್ಟೆ. ಅವನು ಅಲ್ಲಿಗೆ ನಿಲ್ಲಿಸಬೇಕಿತ್ತು. ನಮ್ಮ ಲೈಬ್ರರಿಯ ಬೆಂಕಿಯ ಮುಂದಿರುವ ನಾಯಿಗೂ ಇವರೆಂದರೆ ಪ್ರಾಣ ಎಂದ. ನಮ್ಮ ಲೈಬ್ರರಿಯಲ್ಲಿ ಚಿಪ್ಸಿನ ಮೇಲೆ ಎಲ್ಲರೂ ಇವರ ಚಟ್ನಿಪುಡಿ ಉದುರಿಸಿಕೊಂಡು ತಿನ್ನುತ್ತಿದ್ದರು ಎಂದ. ಕೊನೆಗೆ, ನನ್ನ ಮಾನ ಉಳಿಸಿದೆನೆಂಬ ಸಂತೋಷದಲ್ಲಿ, ದಿನಾ ಎಲ್ಲರ ಗ್ಲಾಸುಗಳನ್ನೂ ಒಟ್ಟುಮಾಡಿ ಕೌಂಟರಿಗೆ ಒಯ್ದು, ಮೇಜುಗಳನ್ನು ಒರೆಸಿ ಹೋಗುತ್ತಿದ್ದರು, ಲೈಬ್ರರಿಯ ಮೌರೀನ್ ಈಗಲೂ ಇವರನ್ನು ನೆನೆಸಿಕೊಂಡು ನಿಟ್ಟುಸಿರು ಬಿಡುತ್ತಾಳೆ ಎಂದ.

ಹೋಳಿಗೆ ಬಡಿಸುತ್ತಿದ್ದ ಸುಮಿತ್ರಳ ಕೈ ಅಲ್ಲೇ ನಿಂತಿತು. ಮುಗಿಯಿತು ಕಥೆ ಎಂದುಕೊಂಡು, ಮೂರು ದಿನದಿಂದ ಉರುಹೊಡೆದದ್ದನ್ನು ಕನ್ನಡದಲ್ಲಿ ಒಂದೇ ಉಸಿರಿಗೆ ಒಪ್ಪಿಸಿದೆ. ಅದು ಪಬ್ಬೇ ನಿಜ, ಆದರೆ ದೇವರಾಣೆ ನಾನು ಕುಡಿದಿಲ್ಲ, ಬರೀ ಕಿತ್ತಳೆ ರಸ, ಬೇಕಾದರೆ ಅವನನ್ನೇ ಕೇಳು.

"ಕುಡಿದ್ರಾ ಅಂತ ನಾನು ಕೇಳಿದ್ನಾ?" ಎಂದಳು ಅವಳು. "ಪಬ್ಬು ಅಂತ ನೀವು ಬಂದ ದಿನಾನೇ ಗೊತ್ತಾಯ್ತು. ಸ್ವೆಟರ್ ತುಂಬ ಸಿಗರೇಟ್ ವಾಸನೆ, ಯಾವ ಲೈಬ್ರರೀಲಿ ಸೇದ್ತಾರೆ? ಕುಡಿಯೋ ಧೈರ್ಯ ನಿಮಗಿಲ್ಲ ಅಂತಾನೂ ಗೊತ್ತು. ಅದು ಬಿಡಿ. ಮೇಜು ಒರೆಸಿದ್ರಾ?"

ನಾನು ತಲೆ ತಗ್ಗಿಸಿದೆ.

"ದಿನಾ?"

"ದಿನಾ."

"ಯಾರೂ ಹೇಳದೆ?"

ಹದಿನಾಲ್ಕು ವರ್ಷದ ಸಂಸಾರದಲ್ಲಿ ನಾನು ಕುಡಿದ ಕಾಫಿ ಲೋಟ ತಾನಾಗಿ ಒಳಗೆ ನಡೆದುಹೋಗುತ್ತದೆಂದೇ ಬಾಳಿದ್ದವನು ನಾನು. ಅವಳು ರೇಗಲಿಲ್ಲ. ಬೆಳಗಿನಿಂದ ನಿಂತ ಕಾಲಿನಲ್ಲಿದ್ದವಳು ಒಂದು ಕುರ್ಚಿ ಎಳೆದುಕೊಂಡು ಕೂತು, ತನಗೂ ಒಂದು ಹೋಳಿಗೆ ಹಾಕಿಕೊಂಡು, ನಿಧಾನವಾಗಿ ತಿಂದಳು. ನನಗೆ ನಾಚಿಕೆಯಾಯಿತು. ನಿಜವಾದ ನಾಚಿಕೆ, ಕುಡಿದು ಸಿಕ್ಕಿಬಿದ್ದಿದ್ದರೂ ಅಷ್ಟು ಆಗುತ್ತಿರಲಿಲ್ಲ. ಗೊತ್ತಿಲ್ಲದ ಊರಿನ ಯಾವಳೋ ಮೌರೀನಳ ಮೇಜಿಗೆ ಕೊಟ್ಟ ಮರ್ಯಾದೆಯನ್ನು ಇವಳ ಮೇಜಿಗೆ ಒಂದು ದಿನವೂ ಕೊಟ್ಟಿರಲಿಲ್ಲ. ಏನೋ ಎಡವಟ್ಟಾಗಿದೆಯೆಂದು ಕೀತ್‌ಗೆ ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ಪಾಪದವನು ಎದ್ದು ತನ್ನ ತಟ್ಟೆ ತೆಗೆದುಕೊಂಡು ಅಡುಗೆಮನೆಗೆ ಹೊರಟ. ನಾನೂ ಎದ್ದೆ. ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು ಅವನ ಹಿಂದೆ ಹೋದೆ. ಒಂದೇ ಕೈಯಲ್ಲಿ ನಾಲ್ಕು ಲೋಟ ಹಿಡಿದದ್ದನ್ನು ನೋಡಿ ನಿಧಿ ಚಪ್ಪಾಳೆ ತಟ್ಟಿದಳು. ಸುಮಿತ್ರ ತಟ್ಟಲಿಲ್ಲ.

ಸೋಮವಾರ ಬೆಳಗ್ಗೆ ನಾನು ಕಾಫಿ ಲೋಟ ಹಿಡಿದು ಸಿಂಕಿನ ಹತ್ತಿರ ಹೋದಾಗ ಎಸ್ತರ್ ತನ್ನ ಕೆಲಸ ಹೋಯಿತೆಂದು ಹೆದರಿಬಿಟ್ಟಳು. ಸುಮಿತ್ರ ಅವಳಿಗೆ ಸ್ವಾಹಿಲಿಯಲ್ಲಿ ಏನೋ ಬಿಡಿಸಿ ಹೇಳಿದಳು. ಎಸ್ತರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪೋಲೆ, ಬ್ವಾನಾ", ಅಯ್ಯೋ ಪಾಪ ಯಜಮಾನರೇ, ಎಂದು ಕನಿಕರಿಸಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಕೂತ ಜಾಗಕ್ಕೆ ಕಾಫಿ ಬರುವುದಿಲ್ಲ; ಅಡುಗೆಮನೆಯ ಕಟ್ಟೆಯ ಹತ್ತಿರ ಹೋಗಿ ಕೇಳಿ, ಥ್ಯಾಂಕ್ಸ್ ಹೇಳಿ, ನಾನೇ ತಂದುಕೊಳ್ಳಬೇಕು. ಕನ್ನಡ ಕೂಟದಲ್ಲಿ ಯಕೃತ್ತಿನ ಭಾಷಣವೂ ನಿಂತಿದೆ. ಬಾಯಿ ತೆರೆದರೆ ಸಾಕು, ಯಾರಾದರೂ ಖಾಲಿ ಬಾಟಲಿ ಎತ್ತಿ ನನ್ನ ಕೈಗೆ ಕೊಡುತ್ತಾರೆ.

ಇಷ್ಟು ವರ್ಷದ ಮೇಲೆ, ಮೊನ್ನೆ ಮಾಲೀಕರು ಕರೆದು, ಎರಡನೆಯ ಮಷೀನು ಕೊಳ್ಳುತ್ತಿದ್ದೇವೆ, ಮತ್ತೆ ಆರು ವಾರ ಹೋಗಿ ಬನ್ನಿ ಎಂದರು. ಮನೆಯಲ್ಲಿ ರಂಪವಾಗುತ್ತದೆಂದು ಅಂಜುತ್ತಲೇ ಹೇಳಿದೆ. ಸುಮಿತ್ರ ಚೂರೂ ಬೇಸರಿಸಲಿಲ್ಲ.

"ಹೋಗಿ ಬನ್ನಿ," ಎಂದಳು. "ಈ ಸಲ ಅಡುಗೆಮನೆಯೊಳಕ್ಕೂ ಬಿಟ್ಕೊಳ್ಳೋ ಪಬ್ ನೋಡಿ."

ಕೀತ್‌ಗೆ ಇಮೇಲ್ ಬರೆದು ವಿಚಾರಿಸಿದೆ. ಗುಡ್ಡದಾಚೆ ಅಂಥದೊಂದು ಇದೆಯಂತೆ.